ಸಾಲದ ಯೂರಿಯಾ, ಬದುವಿನ ಸೊಪ್ಪು

(ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಕಡಲೆಕಾಯಿ ಬೆಳೆಗಾರರ ಮುಂದೆ ಆಡಿದ ಮಾತು)



ಬೆಲೆಯ ವಿಷಯ ಮಾತಾಡೋಕೆ ಸೇರಿದ್ದೇವೆ. ಆದರೆ ಬೆಲೆ ಬರೀ ಮಂಡಿಯಲ್ಲಿ ತೀರ್ಮಾನವಾಗೋದಿಲ್ಲ. ಗೊಬ್ಬರದಂಗಡಿಯಲ್ಲಿ ಉದ್ದರಿ ಬರೆಸಿದ ದಿನವೇ ನಮ್ಮ ಬೆಲೆಯಲ್ಲಿ ಒಂದು ಪಾಲು ಹೋಗಿರುತ್ತದೆ. ಅದಕ್ಕೇ ಇವತ್ತು ಕಡಲೆಕಾಯಿಯ ಗೊಬ್ಬರದ ಲೆಕ್ಕ ಹೇಳ್ತೀನಿ.

ರಾಗಿಗೆ ಯೂರಿಯಾ ಎರಚಿದರೆ ಪೈರು ಕಪ್ಪಗೆ ಏಳುತ್ತೆ. ಅದನ್ನು ನೋಡಿ ಕಡಲೆಕಾಯಿಗೂ ಎರಚುತ್ತೇವೆ. ಆದರೆ ಕಡಲೆಕಾಯಿ ರಾಗಿಯ ಜಾತಿಯಲ್ಲ. ಅವರೆ, ತೊಗರಿ, ಹುರುಳಿಯ ಜಾತಿ. ಗಿಡ ಕಿತ್ತು ಬೇರು ನೋಡಿ, ಸಣ್ಣ ಗಂಟುಗಳಿರುತ್ತವೆ. ಉಗುರಲ್ಲಿ ಸೀಳಿದಾಗ ಒಳಗೆ ಕೆಂಪಗಿದ್ದರೆ ಗಂಟು ದುಡೀತಾ ಇದೆ ಎಂದರ್ಥ. ಅದರೊಳಗಿನ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನೇ ಹಿಡಿದು ಗಿಡಕ್ಕೆ ಕೊಡುತ್ತವೆ. ಮೇಲೆ ಯೂರಿಯಾ ಸುರಿದರೆ ಗಂಟು ಸೋಮಾರಿಯಾಗುತ್ತೆ. ಸೊಪ್ಪು ಹುಲುಸು, ಕಾಯಿ ಕಡಿಮೆ.

ಹಾಗಂತ ಸಾರಜನಕವೇ ಬೇಡವೇ? ಗಂಟು ಕಟ್ಟುವವರೆಗೆ ಎಳೆಗಿಡಕ್ಕೆ ಸ್ವಲ್ಪ ಬೇಕು. ಮಳೆಯಾಶ್ರಿತ ಕಡಲೆಕಾಯಿಗೆ ಶಿಫಾರಸು ಹೆಕ್ಟೇರಿಗೆ 25 ಕೆ.ಜಿ. ಸಾರಜನಕ, 50 ಕೆ.ಜಿ. ರಂಜಕ. ಅಂದರೆ ಎಕರೆಗೆ 10 ಮತ್ತು 20. ಡಿ.ಎ.ಪಿ.ಯ 50 ಕೆ.ಜಿ. ಮೂಟೆಯಲ್ಲಿ 9 ಕೆ.ಜಿ. ಸಾರಜನಕ, 23 ಕೆ.ಜಿ. ರಂಜಕ ಇದೆ. ಎಕರೆಗೆ ಒಂದು ಮೂಟೆ ಹಾಕಿದರೆ ಲೆಕ್ಕ ಅಲ್ಲಿಗೇ ಮುಗೀತು! ಆಮೇಲೆ ತರುವ ಯೂರಿಯಾ ಬರೀ ಸಾಲದ ಮೂಟೆ.

ಆ ದುಡ್ಡನ್ನು ಜಿಪ್ಸಂಗೆ ಹಾಕಿ. ಎಕರೆಗೆ 200 ಕೆ.ಜಿ., ಹೂ ಬಿಡುವಾಗ ಬುಡಕ್ಕೆ ಹಾಕಿ ಮಣ್ಣೇರಿಸಿ. ಕಾಯಿ ತನಗೆ ಬೇಕಾದ ಸುಣ್ಣದಂಶವನ್ನು ಮಣ್ಣಿನಿಂದ ತಾನೇ ಹೀರಬೇಕು. ಸಿಗದಿದ್ದರೆ ಜೊಳ್ಳು. ಸೂರ್ಯಕಾಂತಿಯ ಮಾತು ಬೇರೆ. ಅದಕ್ಕೆ ಗಂಟಿಲ್ಲ, ಸಾರಜನಕ ಕೊಡಲೇಬೇಕು.

ಇನ್ನು ಹಸಿರೆಲೆ ಗೊಬ್ಬರ. ನಮ್ಮ ಕೆಂಪು ಮಣ್ಣು ಒಣಗಿದರೆ ಕಲ್ಲು. ಸೂಜಿ ಇಳಿಯೋದಿಲ್ಲ, ಕೀಳುವಾಗ ಕಾಯಿ ನೆಲದಲ್ಲೇ ಉಳಿಯುತ್ತೆ. ಸೊಪ್ಪು ಕೊಳೆತ ಮಣ್ಣು ಮೆತ್ತಗಾಗಿ ತೇವ ಹಿಡಿಯುತ್ತೆ. ಈ ಕೆಲಸ ಯಾವ ಯೂರಿಯಾದಿಂದಲೂ ಆಗದು. ಒಂದು ಟನ್ ಹಸಿ ಗ್ಲಿರಿಸಿಡಿಯಾ ಸೊಪ್ಪಿನಲ್ಲಿ ಸುಮಾರು 5 ಕೆ.ಜಿ. ಸಾರಜನಕವೂ ಇದೆ. ಮುಂಗಾರಿಗೆ ಮುಂಚೆ ಒಳ್ಳೆಯ ಮಳೆ ಬಿದ್ದರೆ ಸೆಣಬು ಬಿತ್ತಿ, ಹೂವಾಡುವಾಗ ಮಗುಚಿ, ಕೊಳೆಯಲು ಎರಡು ಮೂರು ವಾರ ಬಿಡಿ. ಮಳೆ ಕೈಕೊಟ್ಟ ವರ್ಷ ಬೇಡ. ಸೆಣಬೇ ನೆಲದ ತೇವ ಕುಡಿದುಬಿಡುತ್ತೆ. ಆಗ ಬದುವಿನ ಹೊಂಗೆ, ಗ್ಲಿರಿಸಿಡಿಯಾ ಸೊಪ್ಪೇ ಗತಿ.

ಆದರೆ ಬದುವಿನ ಹೊಂಗೆ ಎಲ್ಲಿದೆ? 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ, ಆಗ ಒಂದೇ ಆಗಿದ್ದ ಕೋಲಾರ ಜಿಲ್ಲೆಯ ರಾಗಿ ಹೊಲಕ್ಕೂ ನೀಲಗಿರಿ ಬಂತು. ಅದರ ಎಲೆ ದನವೂ ಮುಟ್ಟದು. ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರ ಆಜ್ಞೆ ಮಾಡಿದ್ದು 2017ರಲ್ಲಿ. ಅಷ್ಟರಲ್ಲಿ ಸೊಪ್ಪೂ ಹೋಗಿತ್ತು, ದನವೂ ಕರಗಿತ್ತು. ಉಳಿದದ್ದು ಗೊಬ್ಬರದಂಗಡಿ.

ಸ್ವಾಮಿ, ಖರ್ಚು ಇಳಿಸಿಕೊಂಡರೆ ಬೆಲೆಯ ಹೋರಾಟ ಬಿಟ್ಟಂತಲ್ಲ. 1994ರಲ್ಲಿ ಪಾಮ್ ಎಣ್ಣೆಯ ಆಮದಿಗೆ ಬಾಗಿಲು ತೆರೆದವರು ನಾವಲ್ಲ. ಸೊಪ್ಪು ಕಡಿದ ಕೂಲಿ, ಹೊತ್ತ ಕೂಲಿ, ಮನೆ ಹೆಂಗಸರ ದುಡಿಮೆ ಎಲ್ಲವೂ ಬೆಂಬಲ ಬೆಲೆಯ ಲೆಕ್ಕಕ್ಕೆ ಪೂರ್ತಿ ಬರಬೇಕು ಅಂತ ಕೇಳೋಣ.

ನನ್ನ ಮಾತು ನಂಬಬೇಡಿ. ಈ ಮುಂಗಾರಿಗೆ ಅರ್ಧ ಎಕರೆಗೆ ಯೂರಿಯಾ ಬಿಟ್ಟು ಸೊಪ್ಪು, ಜಿಪ್ಸಂ ಹಾಕಿ. ಕಾಯಿಯನ್ನು ಬೇರೆಯಾಗಿ ತೂಗಿ. ತಕ್ಕಡಿ ಏನು ಹೇಳುತ್ತೋ ಅದನ್ನು ನಂಬಿ.