ಒರಟು ಕಲ್ಲಿನ ಮೇಲಿನ ಹಿಡಿತ



ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಅಲಾಸ್ಕಾದಿಂದ ಕ್ಯಾಲಿಫೋರ್ನಿಯಾದವರೆಗೆ, ಅಲೆಗಳು ಅಪ್ಪಳಿಸುವ ಬಂಡೆಗಳ ನಡುವೆ ಒಂದು ಪುಟ್ಟ ಮೀನು ಬಾಳುತ್ತದೆ. ಅದರ ಹೆಸರು ಕ್ಲಿಂಗ್‌ಫಿಶ್. ಚಪ್ಪಟೆ ತಲೆ, ಹುರುಪೆಯೇ ಇಲ್ಲದ ನುಣ್ಣನೆ ಮೈ. ಹೊಟ್ಟೆಯಡಿಯ ಈಜುರೆಕ್ಕೆಗಳು ಒಂದುಗೂಡಿ ಹೀರುಬಿಲ್ಲೆಯಾಗಿವೆ. ಅದರ ಬಲದಿಂದ ಈ ಮೀನು ತನ್ನ ತೂಕದ ಸುಮಾರು 150 ಪಟ್ಟು ಎಳೆತವನ್ನು ತಡೆದು ನಿಲ್ಲಬಲ್ಲದು.

ಬಚ್ಚಲುಮನೆಯ ಗೋಡೆಗೆ ನಾವು ಅಂಟಿಸುವ ರಬ್ಬರ್ ಕೊಕ್ಕೆಗೆ ನುಣುಪಾದ ಮೇಲ್ಮೈಯೇ ಬೇಕು. ಒರಟು ಗೋಡೆಯಲ್ಲಿ ಅದು ಕಳಚಿ ಬೀಳುತ್ತದೆ. ಈ ಮೀನಾದರೋ ಒರಟು ಬಂಡೆಯನ್ನೂ, ಪಾಚಿಗಟ್ಟಿದ ಕಲ್ಲನ್ನೂ ಬಿಗಿಯಾಗಿ ಹಿಡಿಯುತ್ತದೆ. ಬಿಲ್ಲೆಯ ಅಂಚು ಮೃದು. ಅಲ್ಲಿರುವ ಅತಿಸೂಕ್ಷ್ಮ ಎಳೆಗಳು ಕಲ್ಲಿನ ಉಬ್ಬುತಗ್ಗುಗಳಿಗೆ ಹೊಂದಿಕೊಂಡು ಅಂಚು ಜಾರದಂತೆ ಕಾಯುತ್ತವೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಇದರಿಂದ ಕಲಿತು, ಒರಟು ಮೇಲ್ಮೈಗೂ ಅಂಟುವ ಹೀರುಬಟ್ಟಲು ರೂಪಿಸಿದ್ದಾರೆ.

ನಾವೋ ಆ ರಬ್ಬರ್ ಕೊಕ್ಕೆಯಂತೆ, ಬದುಕು ಸಲೀಸಾದ ಮೇಲೆ ಗಟ್ಟಿಯಾಗಿ ನಿಲ್ಲೋಣ ಎಂದು ಕಾಯುತ್ತೇವೆ. ಬಿರುಸಾದವರೇ ಬಲಶಾಲಿಗಳೆಂದು ನಂಬುತ್ತೇವೆ. ಆದರೆ ಹೊಂದಿಕೊಳ್ಳುವ ಮೃದುತನಕ್ಕೆ ದೊಡ್ಡ ಬಲವಿದೆ. ಮನೆಯಲ್ಲಿ, ಕೆಲಸದಲ್ಲಿ ಇಂದು ಎದುರಾಗುವ ಒರಟುತನಕ್ಕೆ ಸ್ವಲ್ಪ ಬಾಗೋಣ. ನಂಬಿದ ಮೌಲ್ಯವನ್ನು ಮಾತ್ರ ಬಿಡದೆ ಹಿಡಿಯೋಣ.