ದಾದಿ ಯೂರಿಕ್ಲಿಯಾ

ಹೋಮರನ ‘ಒಡಿಸ್ಸಿ’ ಎಂದೊಡನೆ ನಿಮಗೆ ನೆನಪಾಗುವವರು ವೀರ ಒಡಿಸ್ಯೂಸ್ ಮತ್ತು ಅವನ ಸಾಧ್ವಿ ಪೆನೆಲೊಪಿ. ಇಂದು ನಾನು ಹೇಳಹೊರಟಿರುವುದು ಆ ಮನೆಯ ಮುದಿ ದಾದಿ ಯೂರಿಕ್ಲಿಯಾಳ ಸಂಗತಿ.

ಕವಿ ಆಕೆಯ ತಂದೆಯ ಹೆಸರನ್ನೂ ಅಜ್ಜನ ಹೆಸರನ್ನೂ ಮರೆಯದೆ ಹೇಳುತ್ತಾನೆ. ಅದರ ಜೊತೆಗೇ ಆಕೆಯ ಬೆಲೆಯನ್ನೂ ಹೇಳುತ್ತಾನೆ. ಒಡಿಸ್ಯೂಸನ ತಂದೆ ಲೇರ್ಟೀಸ್, 20 ಎತ್ತುಗಳ ಬೆಲೆ ತೆತ್ತು, ಎಳೆಯ ಪ್ರಾಯದಲ್ಲಿಯೇ ಅವಳನ್ನು ಕೊಂಡು ತಂದಿದ್ದ. ಅವಳು ಒಡಿಸ್ಯೂಸನನ್ನು ಸಾಕಿದಳು. ಮುಂದೆ ಅವನ ಮಗ ಟೆಲೆಮಾಕಸನನ್ನೂ ಸಾಕಿದಳು. ತಂದೆಯ ಸುದ್ದಿ ತರಲು ಗುಟ್ಟಾಗಿ ಹಡಗನ್ನೇರಿದಾಗ ಆ ಹುಡುಗ ತಾಯಿಗೂ ಹೇಳದೆ ದಾದಿಗೆ ಹೇಳಿದ.

20 ವರ್ಷಗಳ ಮೇಲೆ ಒಡಿಸ್ಯೂಸ್ ಭಿಕ್ಷುಕನ ವೇಷದಲ್ಲಿ ಮನೆಗೆ ಬಂದ. ಪೆನೆಲೊಪಿಯನ್ನು ವರಿಸಲು ಬಂದ ನೂರಕ್ಕೂ ಮಿಕ್ಕ ಮಂದಿ ಅಲ್ಲಿ ಬೀಡುಬಿಟ್ಟಿದ್ದರು. ಗುರುತು ಸಿಕ್ಕಿದರೆ ಪ್ರಾಣಕ್ಕೇ ಅಪಾಯ. ಕಾವ್ಯದ 19ನೆಯ ಸರ್ಗದಲ್ಲಿ ದಾದಿ ಆ ಭಿಕ್ಷುಕನ ಕಾಲು ತೊಳೆಯುತ್ತಾಳೆ. ಮೊಣಕಾಲಿನ ಮೇಲಣ ಗಾಯದ ಕಲೆ ಕೈಗೆ ತಾಕುತ್ತದೆ. ಹಿಂದೆ ಪಾರ್ನಾಸಸ್ ಬೆಟ್ಟದಲ್ಲಿ ಕಾಡುಹಂದಿ ತಿವಿದ ಗುರುತು ಅದು. ಕಾಲು ಕೈಜಾರಿತು, ಪಾತ್ರೆ ಉರುಳಿ ನೀರೆಲ್ಲ ಚೆಲ್ಲಿತು. ಒಡಿಸ್ಯೂಸ್ ಥಟ್ಟನೆ ಅವಳ ಕೊರಳನ್ನು ಹಿಡಿದು, ಬಾಯಿ ಬಿಟ್ಟರೆ ಕೊಲ್ಲುವೆನೆಂದ, ತನಗೆ ಮೊಲೆಯೂಡಿಸಿದವಳನ್ನೇ! ಕಲ್ಲಿನಂತೆ, ಕಬ್ಬಿಣದಂತೆ ಇರುವೆನೆಂದು ಮಾತು ಕೊಟ್ಟು, ಅವಳು ಮತ್ತೆ ನೀರು ತಂದು ಕಾಲು ತೊಳೆದಳು. ವಿಮರ್ಶಕ ಎರಿಕ್ ಔಅರ್‌ಬಾಖ್ 1946ರಲ್ಲಿ ಪ್ರಕಟಿಸಿದ ‘ಮೈಮೆಸಿಸ್’ ಗ್ರಂಥವನ್ನು ಈ ಪ್ರಸಂಗದಿಂದಲೇ ಆರಂಭಿಸಿದ.

ಇಲ್ಲಿಗೇ ನಿಲ್ಲಿಸಿದರೆ ಇದು ಸ್ವಾಮಿಭಕ್ತಿಯ ಸುಂದರ ಕಥೆ. ಆದರೆ ಹೋಮರ್ ನಿಲ್ಲಿಸುವುದಿಲ್ಲ. ಶತ್ರುಗಳು ಹತರಾದ ಮೇಲೆ ಒಡಿಸ್ಯೂಸ್ ದಾಸಿಯರ ವಿಚಾರ ಕೇಳುತ್ತಾನೆ. 50 ಮಂದಿಯಲ್ಲಿ 12 ಮಂದಿ ದಾರಿ ತಪ್ಪಿದವರೆಂದು ಯೂರಿಕ್ಲಿಯಾ ಹೇಳುತ್ತಾಳೆ. ಅವರಿಗೆ ಉಣ್ಣೆ ಹಿಕ್ಕುವುದನ್ನು, ಮನೆಗೆಲಸವನ್ನು ಕಲಿಸಿದವರಲ್ಲಿ ಅವಳೂ ಒಬ್ಬಳು. ಆ ಹನ್ನೆರಡು ಮಂದಿಯನ್ನೂ ಅವಳು ಸಾಕಿದ ಟೆಲೆಮಾಕಸನೇ ನೇಣಿಗೇರಿಸುತ್ತಾನೆ.

ತನ್ನ ಪಕ್ಷ ಹಿಡಿದ ಹಂದಿಗಾಹಿಗೂ ದನಗಾಹಿಗೂ ಒಡಿಸ್ಯೂಸ್ ಮನೆ, ಮಡದಿ, ಸಂಪತ್ತುಗಳ ಭಾಷೆ ಕೊಟ್ಟಿದ್ದ. ದಾದಿಗೆ ಅಂಥ ಮಾತು ಯಾವುದೂ ಇಲ್ಲ. ನೀವು ಒಡಿಸ್ಸಿಯನ್ನು ಓದುವಾಗ ಯೂರಿಕ್ಲಿಯಾಳ ನಿಷ್ಠೆಯನ್ನು ಅವಶ್ಯವಾಗಿ ಮೆಚ್ಚಿರಿ. ಆ 20 ಎತ್ತುಗಳನ್ನೂ ಆ 12 ಮಂದಿ ಹೆಣ್ಣುಮಕ್ಕಳನ್ನೂ ಜೊತೆಗೇ ನೆನೆಯಿರಿ.