ಹಸಿರು ಶಾಲಿನ ಮನೆಯ ಮಕ್ಕಳು

(ಊರ್ಡಿಗೆರೆಯ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಲೆ, ಸಾಲ, ಕರೆಂಟು ಇವುಗಳ ಬಗ್ಗೆ ಬೇಕಾದಷ್ಟು ಕೇಳಿದ್ದೀರಿ. ಇವತ್ತು ನಿಮ್ಮ ಮಕ್ಕಳ ಬಗ್ಗೆ ನಾಲ್ಕು ಮಾತು.

1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಆಮೇಲೆ ಹಸಿರು ಶಾಲು ಹೊಕ್ಕ ಮನೆಗಳ ಮಕ್ಕಳು ಬೇರೆ ಥರ ಬೆಳೆದವು. ಜಪ್ತಿಗೆ ಬಂದವರು ಹಂಡೆ, ಕೊಳಗ ಎತ್ತಿಕೊಂಡು ಹೋದದ್ದನ್ನು ಊರ ಮಕ್ಕಳೆಲ್ಲ ನೋಡಿದ್ದವು. ಸಂಘದವರು ಗುಂಪಾಗಿ ಹೋಗಿ ಆ ಸಾಮಾನನ್ನು ವಾಪಸ್ ತಂದದ್ದನ್ನೂ ನೋಡಿದವು ಈ ಮಕ್ಕಳು. ಸಾಲ ಅಂದರೆ ಮಾನ ಹೋಗುವ ಸಂಗತಿಯಲ್ಲ, ಬೆಳೆಗೆ ಬೆಲೆ ಕೊಡದವರು ನಮ್ಮ ತಲೆಗೆ ಕಟ್ಟಿದ ಲೆಕ್ಕ ಅಂತ ಅವಕ್ಕೆ ಯಾರೂ ಪಾಠ ಮಾಡಬೇಕಾಗಲಿಲ್ಲ.

ಕಷ್ಟವನ್ನೂ ಅವೇ ಉಂಡವು. ಅಪ್ಪ ಜೈಲಿನಲ್ಲಿದ್ದರೆ ದನಕ್ಕೆ ಹುಲ್ಲು ಹಾಕಿದವರು ಯಾರು? ರಾಗಿ ಹೊಲದ ಕಳೆ ತೆಗೆದವರು ಯಾರು? ಅಮ್ಮ, ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು. ಜೈಲಿಗೆ ಹೋದವರ ಲೆಕ್ಕ ಇಟ್ಟಿದ್ದೇವೆ, ಇವರ ಲೆಕ್ಕ ಇಡಲಿಲ್ಲ.

ಪ್ರೊಫೆಸರ್ ನಂಜುಂಡಸ್ವಾಮಿಯವರು 2004ರಲ್ಲಿ ತೀರಿಕೊಂಡರು. ಮಗಳು ಚುಕ್ಕಿ ಚಾಮರಾಜನಗರದ ಅಮೃತಭೂಮಿಯ ಕೆಲಸಕ್ಕೆ ಹೆಗಲು ಕೊಟ್ಟರು. ಪುಟ್ಟಣ್ಣಯ್ಯನವರು ಹೋದದ್ದು 2018ರಲ್ಲಿ. ಅಮೆರಿಕದಲ್ಲಿ ಸಾಫ್ಟ್‌ವೇರ್ ಕಂಪನಿ ಮಾಡಿದ್ದ ಮಗ ದರ್ಶನ್ ಊರಿಗೆ ಬಂದು, ಆ ವರ್ಷ ಸೋತು, 2023ರಲ್ಲಿ ಮೇಲುಕೋಟೆಯಲ್ಲಿ ಗೆದ್ದರು. ಇವೆಲ್ಲ ಹೆಸರಾದ ಮನೆಗಳು. ನಾನು ಕೇಳೋದು ನಮ್ಮ ನಿಮ್ಮ ಮನೆ ವಿಷಯ.

ಬ್ಯಾಂಕ್ ಮ್ಯಾನೇಜರ ಎದುರು ಅಪ್ಪ ಎದೆಯೆತ್ತಿ ಮಾತಾಡಿದ್ದನ್ನು ಕಂಡು ಬೆಳೆದ ಮಗಳನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆಸುತ್ತೇವೆ. "ಒಂದು ಸೈನ್ ಹಾಕವ್ವ, ತವರು ಉಳೀತದೆ" ಅಂತ ಹಕ್ಕು ಬಿಡುಗಡೆ ಪತ್ರ ಮಾಡಿಸಿಕೊಳ್ಳುತ್ತೇವೆ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ ಕರ್ನಾಟಕದಲ್ಲಿ 1994ರಲ್ಲೇ ಕಾನೂನು ಬಂತು. ಅದಕ್ಕೆ ಮೊದಲೇ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು, 2005ರ ಕೇಂದ್ರದ ತಿದ್ದುಪಡಿ ಅವರನ್ನೂ ಒಳಗೆ ಸೇರಿಸಿತು. ನಮ್ಮನ್ನು ಕೇಳದೆ ಸರ್ಕಾರ ಲೆವಿ ಹಾಕಿದಾಗ ರೊಚ್ಚಿಗೆದ್ದವರು ನಾವು. ಮಗಳನ್ನು ಕೇಳಿದೆವಾ?

ಪಹಣಿ ತೆಗೆದು ನೋಡಿ. 9ನೇ ಕಾಲಂನಲ್ಲಿ ಒಡೆಯನ ಹೆಸರು, 11ರಲ್ಲಿ ಸಾಲ. 9ರಲ್ಲಿ ಹೆಸರಿಲ್ಲದವಳಿಗೆ ಸೊಸೈಟಿಯಲ್ಲಿ ಬೆಳೆ ಸಾಲ ಹುಟ್ಟೋದು ಕಷ್ಟ. ಓಲೆ ಅಡವಿಡಬೇಕು, ಇಲ್ಲಾ ಮೈಕ್ರೋ ಫೈನಾನ್ಸಿನ ವಾರದ ಕಂತಿಗೆ ಕೂರಬೇಕು. ಗಂಡಸರ ಮನೆ ಜಪ್ತಿಗೆ ಊರೇ ಎದ್ದು ನಿಂತಿತ್ತು. ಕಂತಿನವನು ಬಾಗಿಲಲ್ಲಿ ಕೂತಾಗ ಅವಳು ಒಬ್ಬಳೇ.

ಈ ಹೋಬಳಿಯಲ್ಲಿ ಇನ್ನು ಮುಂದೆ ಭಾಗ ಆಗುವಾಗ ಅವಳನ್ನೂ ಜಮಖಾನದ ಮೇಲೆ ಕೂರಿಸಿ, ನಿನಗೇನು ಬೇಕವ್ವ ಅಂತ ಕೇಳಿ. 11ನೇ ಕಾಲಂನ ಸಾಲದ ಲೆಕ್ಕವನ್ನೂ ಅವಳ ಮುಂದಿಡಿ.